ದೊಣೆಯ ನೀರು, ಮೋರಿಯ ನೀರು

ಕೋಲಾರ ಜಿಲ್ಲೆಯ ಟೇಕಲ್ ಸ್ಟೇಷನ್ನಿನಲ್ಲಿ ರೈಲಿಳಿದರೆ ಕಣ್ಣಿಗೆ ಬೀಳುವುದೇ ಬಂಡೆ. ಗುಂಡಿನ ಮೇಲೆ ಗುಂಡು ಪೇರಿಸಿಟ್ಟಂಥ ಗುಡ್ಡಗಳು. ವರದರಾಜಸ್ವಾಮಿ ದೇವಸ್ಥಾನ ನೋಡಲು ಬರುವವರುಂಟು. ಕಾರ್ತಿಕದ ಆ ಬೆಳಿಗ್ಗೆ ನಾನು ಹೊರಟಿದ್ದು ಏರೋಪ್ಲೇನ್ ಚಿಟ್ಟೆ ಹುಡುಕಿಕೊಂಡು.

ಹೆಸರಿಗಷ್ಟೇ ಅದು ಚಿಟ್ಟೆ. ಕೂತಾಗ ರೆಕ್ಕೆ ಹರಡುವುದು ಡ್ರಾಗನ್‌ಫ್ಲೈ. ಸೂಜಿಯಂತೆ ತೆಳ್ಳಗಿದ್ದು, ಸಾಮಾನ್ಯವಾಗಿ ರೆಕ್ಕೆಯನ್ನು ಬೆನ್ನ ಮೇಲೆ ಮಡಚಿಕೊಳ್ಳುವುದು ಅದರ ದಾಯಾದಿ ಡ್ಯಾಮ್ಸೆಲ್‌ಫ್ಲೈ.

ಅರ್ಧ ಗುಡ್ಡ ಹತ್ತಿದ ಮೇಲೆ ಮಳೆನೀರು ನಿಂತ ದೊಣೆಯೊಂದು ಸಿಕ್ಕಿತು. ಪಕ್ಕದ ಕಡಿದಾದ ಕಲ್ಲನ್ನು ಎಷ್ಟು ದಿಟ್ಟಿಸಿದರೂ ಏನೂ ಇಲ್ಲ. ನನ್ನ ನೆರಳು ಬಿದ್ದದ್ದೇ ತಡ, ಕಲ್ಲಿನ ಚೂರೊಂದು ಎದ್ದು ಹಾರಿ ಮತ್ತೆ ಅಲ್ಲೇ ಅಂಟಿಕೊಂಡಿತು! ಬೂದು ಮೈ, ಕಪ್ಪು ಮಚ್ಚೆ, ಥೇಟ್ ಟೇಕಲ್ ಕಲ್ಲಿನ ಬಣ್ಣ. ಇಂಗ್ಲಿಷಿನಲ್ಲಿ ಇದಕ್ಕೆ ಗ್ರಾನೈಟ್ ಘೋಸ್ಟ್ ಎಂದೇ ಹೆಸರು. ಮೊಟ್ಟೆಯಿಡುವುದು ಇಂಥ ದೊಣೆ, ತೊಟ್ಟಿಗಳಲ್ಲಿ. ಬಂಡೆ ಸಿಡಿಸಿದರೆ ಅದರ ತೊಟ್ಟಿಲೂ ಹೋಯಿತು.

ನೀರಂಚಿನಲ್ಲಿ ಮರಿ ಕಳಚಿಟ್ಟ ಪೊರೆಯೊಂದು ಕಲ್ಲನ್ನು ಕಚ್ಚಿಕೊಂಡಿತ್ತು. ಆರು ಕಾಲೂ ಇದ್ದ ಹಾಗೇ ಇವೆ, ಬೆನ್ನು ಸೀಳಿದೆ, ಸೀಳಿನಿಂದ ಬಿಳಿ ನೂಲಿನೆಳೆಗಳು ಹೊರಚಾಚಿವೆ. ಅವು ಮರಿಯ ಉಸಿರುಕೊಳವೆಗಳ ಒಳಪದರ. ಹಾರಾಟ ಕೆಲವು ವಾರಗಳದ್ದು. ಅದಕ್ಕೂ ಮುಂಚೆ ಮರಿ ನೀರೊಳಗೇ ಇದ್ದು, ಸೊಳ್ಳೆಮರಿ ಹಿಡಿದು ತಿಂದು ಬೆಳೆಯಬೇಕು. ಡ್ಯಾಮ್ಸೆಲ್ ಮರಿಗೆ ಬಾಲದ ತುದಿಯಲ್ಲಿ ಎಲೆಯಂಥ ಮೂರು ಕಿವಿರು. ಡ್ರಾಗನ್‌ಫ್ಲೈ ಮರಿ ಗುದದ್ವಾರದಿಂದ ನೀರೆಳೆದು ಒಳಗಿನ ಕಿವಿರಿಗೆ ಹಾಯಿಸಿಕೊಳ್ಳುತ್ತದೆ. ಕೊಳಚೆ ಸೇರಿದರೆ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳೇ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತವೆ. ಹಾರಿ ಹೋಗೋಣವೆಂದರೆ ಮರಿಗೆ ಇನ್ನೂ ರೆಕ್ಕೆ ಬಂದಿರುವುದಿಲ್ಲ.

ಇಳಿದು ಬಂದು ಮೋರಿ ನೀರು ನಿಂತ ಗುಂಡಿಯೊಂದರ ಬಳಿ ಕೂತೆ. ಅಲ್ಲಿ ಗುಡ್ಡಕ್ಕಿಂತ ಹೆಚ್ಚು ಹುಳುಗಳು! ಸಂತೋಷಪಡುವ ಮುಂಚೆ ಜಾತಿ ನೋಡಬೇಕು. ಹೆಚ್ಚುಕಡಿಮೆ ಎಲ್ಲವೂ ಕಿತ್ತಳೆ ರೆಕ್ಕೆಯ ಡಿಚ್ ಜ್ಯುವೆಲ್, ಅಂದರೆ ಮೋರಿಯ ಒಡವೆ. ಕೀಟವಿಜ್ಞಾನಿ ಫ್ಯಾಬ್ರೀಷಿಯಸ್ 1793ರಲ್ಲಿ ವರ್ಣಿಸಿದ ಈ ಜಾತಿಯ ಶಾಸ್ತ್ರೀಯ ಹೆಸರು ಬ್ರಾಕಿಥೆಮಿಸ್ ಕಂಟಾಮಿನೇಟಾ. ಕೆಟ್ಟ ನೀರನ್ನೂ ತಾಳಿಕೊಳ್ಳುವ ಜಾತಿ. ತಾಳದವು ಜಾಗ ಬಿಟ್ಟಾಗ ಇದೊಂದೇ ತುಂಬಿಕೊಳ್ಳುತ್ತದೆ. ಹಾಗಾಗಿ ಎಷ್ಟು ಹಾರುತ್ತಿವೆ ಎಂಬ ಲೆಕ್ಕಕ್ಕಿಂತ ಎಷ್ಟು ಬಗೆ ಇವೆ ಎಂಬ ಲೆಕ್ಕ ದೊಡ್ಡದು.

ಇದು ಕೋಲಾರದವರಿಗೆ ಬೇಕಾದ ಲೆಕ್ಕ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ, ಲಕ್ಷ್ಮೀಸಾಗರ ಕೆರೆಗೆ ಬಂತು. ಅದೇ ವರ್ಷ ಅಲ್ಲಿ ನೊರೆ ಎದ್ದು ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಲಿ ಎಂದು ರೈತರು ಕೇಳುತ್ತಲೇ ಇದ್ದಾರೆ. ನ್ಯಾಯವಾದ ಮಾತು. ಬತ್ತಿದ ಕೆರೆ ತುಂಬಿದ್ದು ದೊಡ್ಡ ಸಂಗತಿಯೇ; ತುಂಬಿದ ನೀರು ಎಂಥದ್ದು ಎಂದು ಕೇಳುವ ಹಕ್ಕೂ ಅಷ್ಟೇ ದೊಡ್ಡದು.

ನಿಮ್ಮೂರ ಕೆರೆಗೆ ಹೋದಾಗ ಜೊಂಡಿನ ಬುಡದಲ್ಲಿ, ತೂಬಿನ ಕಲ್ಲಿನ ಮೇಲೆ ಪೊರೆ ಹುಡುಕಿ. ಹೆಸರು ಗುರುತಿಸಲು ಕೆ.ಎ. ಸುಬ್ರಮಣಿಯನ್ ಅವರ 2005ರ ಕೈಪಿಡಿಯಿದೆ. ಹಾರುವ ಹುಳು ಎಲ್ಲಿಂದಲಾದರೂ ಬಂದಿರಬಹುದು, ಅವುಗಳಲ್ಲಿ ಸಮುದ್ರ ದಾಟುವವೂ ಇವೆ. ಪೊರೆ ಮಾತ್ರ ಅದೇ ನೀರಿನಲ್ಲಿ ಬೆಳೆದದ್ದು.