ಸಣ್ಣ ಎಂಜಿನ್‌ಗೂ ದೋಣಿಯ ಎಂಜಿನ್‌ಗೂ ತಕ್ಕ ಎಣ್ಣೆ ಯಾವುದು?

ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ನಮ್ಮ ಹಿರಿಯರು ಸಂತೆಗೆ ಹೊರಡುತ್ತಿರಲಿಲ್ಲ. ಇಂದು ಎತ್ತಿನ ಕೆಲಸದ ಬಹುಪಾಲನ್ನು ಡೀಸೆಲ್ ಪಂಪ್‌ಸೆಟ್, ಪವರ್ ಟಿಲ್ಲರ್, ಪವರ್ ಸ್ಪ್ರೇಯರ್ ಮತ್ತು ಕಳೆ ಕತ್ತರಿಸುವ ಯಂತ್ರಗಳು ವಹಿಸಿಕೊಂಡಿವೆ. ಕರಾವಳಿಯ ಹಲವು ಮನೆಗಳಲ್ಲಿ ಇವುಗಳ ಜೊತೆಗೆ ದೋಣಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ ಸಹ ಇರುತ್ತದೆ. ಆದರೆ ಗಾಡಿಯ ಕೀಲಿಗೆ ಯಾವ ಎಣ್ಣೆಯಾದರೂ ನಡೆಯುತ್ತಿತ್ತು. ಎಂಜಿನ್‌ಗೆ ಹಾಗೆ ನಡೆಯುವುದಿಲ್ಲ.

ಕರಾವಳಿಯ ಹೊಳೆ ದಂಡೆಯ ಅಡಿಕೆ ತೋಟವೊಂದರಲ್ಲಿ ಕಂಡ ಸಂಗತಿ ಇದು. ಮನೆಯಲ್ಲಿ ದೋಣಿ ಎಂಜಿನ್ನಿಗೆಂದು ತಂದ ಎಣ್ಣೆ ಉಳಿದಿತ್ತು. ಅದೂ ಟೂ ಸ್ಟ್ರೋಕ್ ಎಣ್ಣೆಯೇ ಎಂದು ಅದನ್ನೇ ಸ್ಪ್ರೇಯರ್‌ನ ಪೆಟ್ರೋಲಿಗೆ ಬೆರೆಸುತ್ತಾ ಬಂದರು. ಮೊದಲ ಸಿಂಪರಣೆ ಹೇಗೋ ಮುಗಿಯಿತು. ೪೦-೪೫ ದಿನಗಳ ನಂತರ ಎರಡನೆಯ ಬಾರಿ ಬೋರ್ಡೋ ದ್ರಾವಣ ಸಿಂಪಡಿಸಲು ಮಳೆ ಬಿಡುವು ಕೊಟ್ಟ ದಿನ ಎಂಜಿನ್ ನಿಂತುಹೋಯಿತು. ಬಿಚ್ಚಿ ನೋಡಿದಾಗ ಪಿಸ್ಟನ್ನಿನ ಉಂಗುರಗಳು ಮಸಿಗಟ್ಟಿ ಕಚ್ಚಿಕೊಂಡಿದ್ದವು. ರಿಪೇರಿಯ ಹಣಕ್ಕಿಂತ ದೊಡ್ಡ ನಷ್ಟ ಕೈತಪ್ಪಿದ ಆ ಬಿಡುವಿನ ದಿನಗಳದು. ಕೊಳೆರೋಗ ನಮ್ಮ ಯಂತ್ರ ಸರಿಯಾಗುವವರೆಗೆ ಕಾಯುವುದಿಲ್ಲ.

ಎಣ್ಣೆ ಮಾಡುವ ಕೆಲಸ

ಎಣ್ಣೆಯ ಕೆಲಸ ಬರೀ ಜಾರಿಕೆ ಕೊಡುವುದಲ್ಲ. ಲೋಹಕ್ಕೆ ಲೋಹ ತಾಗದಂತೆ ನಡುವೆ ಪದರವಾಗಿ ನಿಲ್ಲುತ್ತದೆ, ಒಳಗಿನ ಕಾವನ್ನು ಹೊರಗೆ ಸಾಗಿಸುತ್ತದೆ, ಮಸಿಯನ್ನು ತೊಳೆಯುತ್ತದೆ, ಉಂಗುರ ಮತ್ತು ಸಿಲಿಂಡರ್ ನಡುವಿನ ಸಂದನ್ನು ಮುಚ್ಚಿ ಒತ್ತಡ ಸೋರದಂತೆ ತಡೆಯುತ್ತದೆ, ತುಕ್ಕು ಹಿಡಿಯದಂತೆಯೂ ಕಾಯುತ್ತದೆ. ಇವುಗಳಲ್ಲಿ ಯಾವ ಕೆಲಸ ಹೆಚ್ಚು ಬೇಕು ಎಂಬುದು ಆಯಾ ಎಂಜಿನ್‌ನ ರಚನೆಯನ್ನು ಅವಲಂಬಿಸಿದೆ. ಆದ್ದರಿಂದ ಎಣ್ಣೆಯನ್ನು ಬೆಲೆ ಅಥವಾ ಬಣ್ಣ ನೋಡಿ, ಬೆರಳಲ್ಲಿ ತಿಕ್ಕಿ ಆರಿಸಬಾರದು. ಡಬ್ಬಿಯ ಮೇಲಿನ ಗುರುತನ್ನು ಓದಿ ಆರಿಸಬೇಕು.

ಫೋರ್ ಸ್ಟ್ರೋಕ್ ಎಂಜಿನ್‌ಗಳು

ಪಂಪ್‌ಸೆಟ್, ಪವರ್ ಟಿಲ್ಲರ್ ಮತ್ತು ಹಲವು ಸ್ಪ್ರೇಯರ್‌ಗಳ ಎಂಜಿನ್ ಈ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ ಎಣ್ಣೆ ಕೆಳಗಿನ ತೊಟ್ಟಿಯಲ್ಲಿ ನಿಂತಿರುತ್ತದೆ. ಡಬ್ಬಿಯ ಮೇಲೆ ಎರಡು ಗುರುತುಗಳನ್ನು ನೋಡಬೇಕು.

೧. ಎಸ್.ಎ.ಇ. ಅಂಕೆ: ಇದು ಎಣ್ಣೆಯ ಮಂದತ್ವವನ್ನು ತಿಳಿಸುತ್ತದೆ. ಅಂಕೆ ಹೆಚ್ಚಾದಂತೆ ಎಣ್ಣೆ ಮಂದ. ೩೦ ಅಥವಾ ೪೦ ಎಂದು ಒಂದೇ ಅಂಕೆ ಇರಬಹುದು; ೧೫ಡಬ್ಲ್ಯು-೪೦, ೨೦ಡಬ್ಲ್ಯು-೪೦ ಎಂಬಂತೆ ಎರಡು ಅಂಕೆಗಳೂ ಇರಬಹುದು. ಎರಡಿದ್ದರೆ, ಮೊದಲನೆಯದು ತಣ್ಣಗಿರುವಾಗಿನ ಗುಣ, ಎರಡನೆಯದು ಕಾದಾಗಿನ ಗುಣ. ಎಣ್ಣೆ ದಪ್ಪವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ಅತಿ ಮಂದವಾದ ಎಣ್ಣೆ ಬೆಳಗಿನ ತಂಪಿನಲ್ಲಿ ಎಲ್ಲ ಭಾಗಗಳಿಗೂ ಬೇಗ ಮುಟ್ಟುವುದಿಲ್ಲ. ಆ ಹೊತ್ತಿನಲ್ಲಿ ಸವೆತ ಹೆಚ್ಚು.

೨. ಎ.ಪಿ.ಐ. ಅಕ್ಷರ: ಇದು ಗುಣಮಟ್ಟದ ಗುರುತು. 'ಎಸ್' ಅಕ್ಷರದಿಂದ ತೊಡಗಿದರೆ ಪೆಟ್ರೋಲ್ ಎಂಜಿನ್‌ಗೆ, 'ಸಿ' ಅಕ್ಷರದಿಂದ ತೊಡಗಿದರೆ ಡೀಸೆಲ್ ಎಂಜಿನ್‌ಗೆ ತಯಾರಾದದ್ದು. ಸಿಎಫ್-೪, ಸಿಐ-೪ ಡೀಸೆಲ್ಲಿನವು. ಎಸ್‌ಎಫ್, ಎಸ್‌ಜೆ ಪೆಟ್ರೋಲಿನವು. ಎರಡೂ ಗುರುತು ಇರುವ ಡಬ್ಬಿಗಳೂ ಉಂಟು. ಡೀಸೆಲ್ ಉರಿದಾಗ ಮಸಿ ಹೆಚ್ಚು ಹುಟ್ಟುವುದರಿಂದ, ಅದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಡೀಸೆಲ್ ಎಂಜಿನ್ ಎಣ್ಣೆಗೆ ಇರಲೇಬೇಕು. ಇಂತಹ ಎಣ್ಣೆ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಕಪ್ಪಾಯಿತೆಂದ ಮಾತ್ರಕ್ಕೆ ಕೆಟ್ಟಿತೆಂದಲ್ಲ. ಅದು ತನ್ನ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು.

ಹೊಸ ಸಣ್ಣ ಎಂಜಿನ್‌ಗಳು ಎಷ್ಟೋ ಸಲ ಎಣ್ಣೆಯಿಲ್ಲದೆಯೇ ಪೆಟ್ಟಿಗೆಯಲ್ಲಿ ಬರುತ್ತವೆ. ಎಣ್ಣೆ ತುಂಬಿ ಮಟ್ಟ ನೋಡದೆ ಹಗ್ಗ ಎಳೆಯಬೇಡಿ.

ಟೂ ಸ್ಟ್ರೋಕ್ ಎಂಜಿನ್‌ಗಳು

ಬೆನ್ನಿಗೆ ಕಟ್ಟುವ ಸ್ಪ್ರೇಯರ್ ಮತ್ತು ಕಳೆ ಕತ್ತರಿಸುವ ಯಂತ್ರಗಳಲ್ಲಿ ಹಲವು ಈ ಬಗೆಯವು. ಇವುಗಳಲ್ಲಿ ಎಣ್ಣೆಯ ತೊಟ್ಟಿ ಇಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಒಳಭಾಗಗಳನ್ನು ಕಾಯ್ದು, ಕೊನೆಗೆ ಉರಿದು ಹೋಗುತ್ತದೆ. ಆದ್ದರಿಂದ ಫೋರ್ ಸ್ಟ್ರೋಕ್ ಎಂಜಿನ್‌ನ ಎಣ್ಣೆಯನ್ನಾಗಲಿ, ಬಳಸಿದ ಎಣ್ಣೆಯನ್ನಾಗಲಿ ಇದಕ್ಕೆ ಬೆರೆಸಕೂಡದು. ಬೆರಕೆಯ ಪ್ರಮಾಣ ಹೀಗಿದೆ:

೨೫:೧ ಎಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ ೪೦ ಮಿ.ಲೀ. ಎಣ್ಣೆ
೪೦:೧ ಎಂದಿದ್ದರೆ ೨೫ ಮಿ.ಲೀ.
೫೦:೧ ಎಂದಿದ್ದರೆ ೨೦ ಮಿ.ಲೀ.

ಎಣ್ಣೆ ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಪ್ಲಗ್ ಮಸಿಗಟ್ಟುತ್ತದೆ, ಹೊಗೆ ಕವಿಯುತ್ತದೆ. ಬಾಟಲಿಯ ಮುಚ್ಚಳದ ಅಂದಾಜು ಬೇಡ. ಅಳತೆಯ ಲೋಟವನ್ನೇ ಬಳಸಿ.

ಇನ್ನೊಂದು ಎಚ್ಚರಿಕೆ. ೨೦೨೩ರಿಂದ ನಮ್ಮ ಪೆಟ್ರೋಲ್ ಬಂಕುಗಳಿಗೆ ಶೇಕಡ ೨೦ ಎಥನಾಲ್ ಬೆರೆತ ಪೆಟ್ರೋಲ್ ಬರತೊಡಗಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಆದ್ದರಿಂದ ಕೆಲಸಕ್ಕೆ ಬೇಕಾದಷ್ಟನ್ನೇ ಬೆರೆಸಿ. ಹಂಗಾಮು ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಎಂಜಿನ್ ಓಡಿಸಿ ಇಡಿ.

ದೋಣಿಯ ಎಂಜಿನ್ ಏಕೆ ಬೇರೆ?

ಸ್ಪ್ರೇಯರ್‌ನ ಎಂಜಿನ್ ಗಾಳಿಯಿಂದ ತಣಿಯುತ್ತದೆ. ಹೀಗಾಗಿ ಅದು ಬಹಳ ಕಾಯುತ್ತದೆ. ಔಟ್‌ಬೋರ್ಡ್ ಎಂಜಿನ್ ಹೊಳೆಯ ಅಥವಾ ಕಡಲಿನ ನೀರನ್ನೇ ಸೆಳೆದು ತಣಿಯುತ್ತದೆ. ಅದರ ಕಾವು ಕಡಿಮೆ. ಆದರೆ ಅದು ಗಂಟೆಗಟ್ಟಲೆ ಪೂರ್ಣ ಭಾರದಲ್ಲಿ ಓಡುತ್ತದೆ. ಅದರ ಸಿಲಿಂಡರಿನಲ್ಲಿ ಬೂದಿ ನಿಂತರೆ ಪ್ಲಗ್ ಕೆಡುತ್ತದೆ, ಇಂಧನ ಹೊತ್ತಿಗೆ ಮುಂಚೆ ಹತ್ತಿಕೊಂಡು ಪಿಸ್ಟನ್ ಹಾಳಾಗುತ್ತದೆ. ಆದ್ದರಿಂದ ದೋಣಿಯ ಟೂ ಸ್ಟ್ರೋಕ್ ಎಂಜಿನ್‌ಗೆ ಬೂದಿ ಉಳಿಸದ ಎಣ್ಣೆ ಬೇಕು. ಅದರ ಗುರುತು ಟಿಸಿ-ಡಬ್ಲ್ಯು೩. ಗಾಳಿಯಿಂದ ತಣಿಯುವ ಎಂಜಿನ್‌ಗೆ ಬೇಕಾದದ್ದು ಹೆಚ್ಚಿನ ಕಾವಿನಲ್ಲೂ ಉಂಗುರಗಳನ್ನು ಸ್ವಚ್ಛವಾಗಿಡುವ ಎಣ್ಣೆ. ಅದರ ಗುರುತು ಎ.ಪಿ.ಐ. ಟಿಸಿ, ಅಥವಾ ಜಾಸೋ ಎಫ್‌ಸಿ, ಎಫ್‌ಡಿ. ಹೆಸರು ಹತ್ತಿರವಾದರೂ ಟಿಸಿ ಬೇರೆ, ಟಿಸಿ-ಡಬ್ಲ್ಯು೩ ಬೇರೆ. ಮೇಲೆ ಹೇಳಿದ ತೋಟದಲ್ಲಿ ತಪ್ಪಿದ್ದು ಇಲ್ಲಿಯೇ.

ದೋಣಿಯ ಫೋರ್ ಸ್ಟ್ರೋಕ್ ಎಂಜಿನ್‌ಗೆ ಎಫ್‌ಸಿ-ಡಬ್ಲ್ಯು ಗುರುತಿನ ಎಣ್ಣೆ ಇದೆ. ಉಪ್ಪುನೀರಿನ ತುಕ್ಕನ್ನು ತಡೆಯುವ ಗುಣವನ್ನು ಪರೀಕ್ಷಿಸಿ ಈ ಗುರುತು ಕೊಡುತ್ತಾರೆ. ನೀರಿನಲ್ಲಿ ಮುಳುಗಿರುವ ಗೇರು ಪೆಟ್ಟಿಗೆಗೆ ಪ್ರತ್ಯೇಕ ಗೇರ್ ಎಣ್ಣೆ ಹಾಕಬೇಕು. ಅದನ್ನು ಇಳಿಸಿದಾಗ ಹಾಲಿನಂತೆ ಬೆಳ್ಳಗಿದ್ದರೆ ಸೀಲ್ ಸೋರಿ ನೀರು ಸೇರಿದೆ ಎಂದರ್ಥ. ಎಣ್ಣೆ ಬದಲಿಸಿದರೆ ಸಾಲದು, ಸೀಲನ್ನೂ ಬದಲಿಸಬೇಕು. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್‌ಗೆ ಬೆರಕೆಯ ಪ್ರಮಾಣವನ್ನು ಅದರ ಕೈಪಿಡಿ ನೋಡಿಯೇ ನಿರ್ಧರಿಸಬೇಕು.

ನೆನಪಿಡಬೇಕಾದ ಅಂಶಗಳು

೧. ಎಂಜಿನ್ ನಿಲ್ಲಿಸಿ, ಸಮತಟ್ಟಾದ ಜಾಗದಲ್ಲಿಟ್ಟು, ದಿನವೂ ಎಣ್ಣೆಯ ಮಟ್ಟ ನೋಡಿರಿ.
೨. ಎಣ್ಣೆ ಏರಿ ಪೆಟ್ರೋಲ್ ಅಥವಾ ಡೀಸೆಲ್ ವಾಸನೆ ಬಂದರೆ ಇಂಧನ ಸೇರಿದೆ. ಬೆಳ್ಳಗಾದರೆ ನೀರು ಸೇರಿದೆ. ಓಡಿಸುವುದನ್ನು ನಿಲ್ಲಿಸಿ.
೩. ಕೈಪಿಡಿಯಲ್ಲಿ ಹೇಳಿದಷ್ಟು ಗಂಟೆಗಳಾದ ಕೂಡಲೇ ಎಣ್ಣೆ ಬದಲಿಸಿ. ಹೊಸ ಎಂಜಿನ್‌ನ ಮೊದಲ ಎಣ್ಣೆಯನ್ನು ಬೇಗ ಬದಲಿಸಬೇಕು. ಸವೆದ ಲೋಹದ ಪುಡಿ ಅದರಲ್ಲಿರುತ್ತದೆ.
೪. ಎಂಜಿನ್ ಬಿಸಿಯಾಗಿರುವಾಗ ಎಣ್ಣೆ ಇಳಿಸಿದರೆ ಕೊಳೆಯೂ ಜೊತೆಗೆ ಇಳಿಯುತ್ತದೆ. ಕೈ ಸುಟ್ಟೀತು, ಜೋಕೆ.
೫. ಹಳೆಯ ಎಣ್ಣೆಯನ್ನು ಹೊಲ, ಬಾವಿ, ಹೊಳೆಗಳಿಗೆ ಚೆಲ್ಲಬೇಡಿ. ಡಬ್ಬಿಯಲ್ಲಿ ಕೂಡಿಟ್ಟು, ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಅದು ಚರ್ಮಕ್ಕೆ ಅಪಾಯಕಾರಿ. ಕೈಯನ್ನು ಸೋಪಿನಿಂದ ತೊಳೆಯಿರಿ.
೬. ಪ್ರತಿ ಡಬ್ಬಿಯ ಮೇಲೆ 'ಸ್ಪ್ರೇಯರ್', 'ಪಂಪು', 'ದೋಣಿ' ಎಂದು ದಪ್ಪ ಅಕ್ಷರಗಳಲ್ಲಿ ಬರೆದಿಡಿ. ಮನೆಯವರಾಗಲಿ ಆಳುಗಳಾಗಲಿ ತಪ್ಪಿ ಬೆರೆಸುವುದು ಇದರಿಂದ ತಪ್ಪುತ್ತದೆ.

ಬಿತ್ತನೆಯ ಹದ, ನೀರಿನ ಸರದಿ, ಸಿಂಪರಣೆಯ ಬಿಡುವು ಇವು ರೈತನಿಗೆ ವರ್ಷದಲ್ಲಿ ಕೆಲವೇ ದಿನ ದೊರೆಯುತ್ತವೆ. ಆ ದಿನ ಯಂತ್ರ ಕೈಕೊಡಬಾರದೆಂದಿದ್ದರೆ, ಅಂಗಡಿಗೆ ಹೋಗುವಾಗ ಎಂಜಿನ್‌ನ ಕೈಪಿಡಿಯನ್ನು ಜೊತೆಗೆ ಕೊಂಡೊಯ್ದು, ಅದರಲ್ಲಿರುವ ಗುರುತನ್ನೂ ಡಬ್ಬಿಯ ಗುರುತನ್ನೂ ತಾಳೆ ನೋಡಿ ಎಣ್ಣೆ ಕೊಳ್ಳಿರಿ.