ಒಂದು ಹೊಡೆತದ ಬೆಲೆ

ಕ್ರಿಕೆಟ್ಟಿನಲ್ಲಿ ಹೆಚ್ಚು ಓಟಗಳನ್ನು ಗಳಿಸಿದ ತಂಡ ಗೆಲ್ಲುತ್ತದೆ. ಕಬಡ್ಡಿಯಲ್ಲಿ ಹೆಚ್ಚು ಅಂಕಗಳನ್ನು ಪಡೆದ ತಂಡಕ್ಕೆ ಜಯ ಲಭಿಸುತ್ತದೆ. ಗಾಲ್ಫ್ ಆಟದ ರೀತಿಯೇ ಬೇರೆ. ಇಲ್ಲಿ ಯಾರ ಲೆಕ್ಕ ಎಲ್ಲರಿಗಿಂತ ಕಡಿಮೆಯೋ ಅವರೇ ವಿಜಯಿಗಳು. ಮೊದಲ ಬಾರಿಗೆ ಈ ಆಟವನ್ನು ನೋಡುವವರಿಗೆ ಇದು ಸೋಜಿಗವೆನಿಸುವುದು ಸಹಜ. ಲೆಕ್ಕದ ಕ್ರಮವನ್ನು ಅರಿತರೆ ಆಟದ ಸ್ವಾರಸ್ಯವೂ ಅದರ ಹಿಂದಿರುವ ನೀತಿಯೂ ತಿಳಿದುಬರುತ್ತವೆ.

ಗಾಲ್ಫ್ ಸ್ಕಾಟ್ಲೆಂಡಿನಲ್ಲಿ ಬೆಳೆದು ಬಂದ ಆಟ. ಅಲ್ಲಿನ ಸೇಂಟ್ ಆಂಡ್ರೂಸ್ ಮೈದಾನದಲ್ಲಿ 1764ರಲ್ಲಿ ಒಂದು ಸುತ್ತಿಗೆ 18 ಕುಳಿಗಳ ಕ್ರಮ ರೂಢಿಗೆ ಬಂದಿತು. ಮುಂದೆ ಅದೇ ಎಲ್ಲ ಕಡೆಗೂ ಹರಡಿತು. ಬೆಂಗಳೂರಿನಲ್ಲಿಯೂ 1876ರಷ್ಟು ಹಿಂದೆಯೇ ಗಾಲ್ಫ್ ಕ್ಲಬ್ಬು ಸ್ಥಾಪನೆಗೊಂಡಿತು. ಆಟದ ಗುರಿ ಸರಳವಾದುದು. ಗೊತ್ತುಪಡಿಸಿದ ಸ್ಥಳದಿಂದ ಚೆಂಡನ್ನು ದಾಂಡಿನಿಂದ ಹೊಡೆಯುತ್ತ ಹೋಗಿ, ದೂರದಲ್ಲಿರುವ 108 ಮಿಲಿಮೀಟರ್ ಅಗಲದ ಕುಳಿಯೊಳಕ್ಕೆ ಬೀಳಿಸಬೇಕು. ಕುಳಿಯ ಸುತ್ತಲಿನ, ಹುಲ್ಲನ್ನು ನುಣುಪಾಗಿ ಕತ್ತರಿಸಿದ ನೆಲಕ್ಕೆ ‘ಗ್ರೀನ್’ ಎಂದು ಹೆಸರು. ಹೀಗೆ 18 ಕುಳಿಗಳನ್ನು ಮುಗಿಸಿದರೆ ಒಂದು ಸುತ್ತು ಪೂರ್ಣವಾಗುತ್ತದೆ.

ಲೆಕ್ಕಕ್ಕೆ ಬರುವುದು ಹೊಡೆತಗಳ ಸಂಖ್ಯೆ. ಇನ್ನೂರು ಗಜ ದೂರ ಚಿಮ್ಮಿಸಿದ ಹೊಡೆತವೂ ಒಂದೇ. ಕುಳಿಯ ಅಂಚಿನಲ್ಲಿ ನಿಂತ ಚೆಂಡನ್ನು ಮೆಲ್ಲನೆ ತಳ್ಳಿದ ಹೊಡೆತವೂ ಒಂದೇ. ಚೆಂಡನ್ನು ಹೊಡೆಯಲೆಂದು ಬೀಸಿದ ದಾಂಡು ಅದಕ್ಕೆ ತಾಗದೆ ಹೋದರೂ ಒಂದು ಹೊಡೆತವೆಂದೇ ಎಣಿಕೆ. ಇದಲ್ಲದೆ ದಂಡದ ಹೊಡೆತಗಳೂ ಉಂಟು. ಕೊಳಕ್ಕೆ ಬಿದ್ದ ಚೆಂಡನ್ನು ಬಿಟ್ಟು ದಡದಿಂದ ಆಟ ಮುಂದುವರಿಸಿದರೆ ಒಂದು ಹೊಡೆತವನ್ನು ಹೆಚ್ಚಾಗಿ ಸೇರಿಸಿಕೊಳ್ಳಬೇಕು.

ಪ್ರತಿಯೊಂದು ಕುಳಿಗೂ ನುರಿತ ಆಟಗಾರನಿಗೆ ಎಷ್ಟು ಹೊಡೆತಗಳು ಸಾಕೆಂಬುದನ್ನು ಮೊದಲೇ ನಿಗದಿ ಮಾಡಿರುತ್ತಾರೆ. ಈ ಸಂಖ್ಯೆಗೆ ‘ಪಾರ್’ ಎನ್ನುತ್ತಾರೆ. ಹತ್ತಿರದ ಕುಳಿಗೆ ಪಾರ್ 3, ಅದಕ್ಕಿಂತ ದೂರದ್ದಕ್ಕೆ 4, ಇನ್ನೂ ದೂರದ್ದಕ್ಕೆ 5. ಗ್ರೀನನ್ನು ತಲುಪಿದ ಮೇಲೆ ಎರಡು ಹೊಡೆತಗಳು ಬೇಕಾಗುತ್ತವೆ ಎಂಬ ಎಣಿಕೆಯೂ ಇದರಲ್ಲಿ ಸೇರಿದೆ. ಹದಿನೆಂಟು ಕುಳಿಗಳ ಪಾರ್ ಕೂಡಿದರೆ ಸಾಮಾನ್ಯವಾಗಿ 70ರಿಂದ 72ರಷ್ಟಾಗುತ್ತದೆ.

ಪಾರ್‌ಗಿಂತ ಒಂದು ಹೊಡೆತ ಕಡಿಮೆಯಲ್ಲಿ ಕುಳಿಯನ್ನು ಮುಗಿಸಿದರೆ ‘ಬರ್ಡಿ’, ಎರಡು ಕಡಿಮೆಯಾದರೆ ‘ಈಗಲ್’, ಮೂರು ಕಡಿಮೆಯಾದರೆ ‘ಆಲ್ಬಟ್ರಾಸ್’. ಇವೆಲ್ಲವೂ ಹಕ್ಕಿಗೆ ಸಂಬಂಧಿಸಿದ ಹೆಸರುಗಳೇ. ಪಾರ್‌ಗಿಂತ ಒಂದು ಹೆಚ್ಚಾದರೆ ‘ಬೋಗಿ’, ಎರಡು ಹೆಚ್ಚಾದರೆ ‘ಡಬಲ್ ಬೋಗಿ’ ಎನಿಸಿಕೊಳ್ಳುತ್ತದೆ.

ದೊಡ್ಡ ಪಂದ್ಯಗಳಲ್ಲಿ ಸಾಮಾನ್ಯವಾಗಿ ನಾಲ್ಕು ದಿನ ನಾಲ್ಕು ಸುತ್ತುಗಳನ್ನು ಆಡಿ ಒಟ್ಟು ಹೊಡೆತಗಳನ್ನು ಕೂಡುತ್ತಾರೆ. ಟೋಕಿಯೋ ಒಲಿಂಪಿಕ್ ಕ್ರೀಡಾಕೂಟವು 2021ರಲ್ಲಿ ನಡೆದಾಗ ಬೆಂಗಳೂರಿನ ಅದಿತಿ ಅಶೋಕ್ ಕ್ರಮವಾಗಿ 67, 66, 68, 68 ಹೊಡೆತಗಳಲ್ಲಿ ನಾಲ್ಕು ಸುತ್ತುಗಳನ್ನು ಮುಗಿಸಿದರು. ಒಟ್ಟು 269. ಆ ಮೈದಾನದ ಪಾರ್ 71; ನಾಲ್ಕು ಸುತ್ತಿಗೆ 284. ಆದುದರಿಂದ ಅವರ ಲೆಕ್ಕವನ್ನು ‘ಪಾರ್‌ಗಿಂತ 15 ಕಡಿಮೆ’ ಎಂದು ಹೇಳಿದರು. ಅಮೆರಿಕದ ನೆಲ್ಲಿ ಕೊರ್ಡಾ 267 ಹೊಡೆತಗಳಿಂದ ಚಿನ್ನದ ಪದಕವನ್ನು ಗೆದ್ದರು. ಬೆಳ್ಳಿ ಮತ್ತು ಕಂಚಿನ ಪದಕಗಳು 268 ಹೊಡೆತಗಳ ಇಬ್ಬರಿಗೆ ದೊರೆತವು. ನಾಲ್ಕು ದಿನಗಳ ಆಟದಲ್ಲಿ ಒಂದೇ ಒಂದು ಹೊಡೆತದ ಅಂತರದಿಂದ ಅದಿತಿ ನಾಲ್ಕನೆಯ ಸ್ಥಾನದಲ್ಲಿ ಉಳಿದರು.

ಲೆಕ್ಕದ ಇನ್ನೊಂದು ಪದ್ಧತಿಯೂ ಇದೆ. ಇಬ್ಬರು ಎದುರಾಳಿಗಳು ಕುಳಿಯಿಂದ ಕುಳಿಗೆ ಸ್ಪರ್ಧಿಸುತ್ತಾರೆ. ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ಆ ಕುಳಿಯನ್ನು ಗೆದ್ದಂತೆ. ಎರಡೇ ಕುಳಿಗಳು ಉಳಿದಿರುವಾಗ ಒಬ್ಬರು ಮೂರು ಕುಳಿಗಳಷ್ಟು ಮುಂದಿದ್ದರೆ ಅಲ್ಲಿಗೇ ಪಂದ್ಯ ಮುಗಿಯಿತು. ‘3 ಮತ್ತು 2’ರಿಂದ ಗೆಲುವು ಎಂದು ಬರೆಯುತ್ತಾರೆ.

ಹೊಸಬರು ನುರಿತವರೊಡನೆ ಸಮನಾಗಿ ಆಡುವಂತೆ ಮಾಡುವುದು ‘ಹ್ಯಾಂಡಿಕ್ಯಾಪ್’ ಎಂಬ ಏರ್ಪಾಡು. ಆಟಗಾರನ ಹಿಂದಿನ ಸುತ್ತುಗಳನ್ನು ಆಧರಿಸಿ, ಅವನಿಗೆ ಎಷ್ಟು ಹೊಡೆತಗಳ ವಿನಾಯಿತಿ ಸಲ್ಲಬೇಕೆಂದು ನಿರ್ಣಯಿಸುತ್ತಾರೆ. 20 ಹೊಡೆತಗಳ ವಿನಾಯಿತಿ ಇರುವವನು 96 ಹೊಡೆತಗಳಲ್ಲಿ ಸುತ್ತನ್ನು ಮುಗಿಸಿದರೆ ಅವನ ನಿವ್ವಳ ಲೆಕ್ಕ 76. ಆರೇ ಹೊಡೆತಗಳ ವಿನಾಯಿತಿ ಇರುವ ಅನುಭವಿ 84ರಲ್ಲಿ ಮುಗಿಸಿದರೆ ನಿವ್ವಳ ಲೆಕ್ಕ 78. ಗೆಲುವು ಹೊಸಬನದೇ.

ಇಷ್ಟನ್ನೆಲ್ಲ ಎಣಿಸುವವರು ಯಾರು? ಪ್ರತಿಯೊಬ್ಬ ಆಟಗಾರನ ಹಿಂದೆಯೂ ಒಬ್ಬ ಅಂಪೈರ್ ನಡೆದು ಹೋಗುವ ಪದ್ಧತಿ ಗಾಲ್ಫ್‌ನಲ್ಲಿಲ್ಲ. ಪಂದ್ಯಗಳಲ್ಲಿ ಸಾಮಾನ್ಯವಾಗಿ ಜೊತೆಯ ಆಟಗಾರನೇ ಲೆಕ್ಕವನ್ನು ಕಾರ್ಡಿನಲ್ಲಿ ಬರೆಯುತ್ತಾನೆ. ಕೊನೆಗೆ ಆಡಿದವನು ಅದನ್ನು ಪರಿಶೀಲಿಸಿ ಸಹಿ ಹಾಕಬೇಕು. ಸಹಿಯಾದ ಮೇಲೆ ಯಾವುದೇ ಕುಳಿಗೆ ಹೆಚ್ಚು ಹೊಡೆತಗಳನ್ನು ಬರೆದಿದ್ದರೆ ಅದೇ ಉಳಿಯುತ್ತದೆ. ಕಡಿಮೆ ಬರೆದಿದ್ದರೆ ಸಾಮಾನ್ಯವಾಗಿ ಆಟಗಾರನು ಪಂದ್ಯದಿಂದಲೇ ಅನರ್ಹನಾಗುತ್ತಾನೆ.

ಅಮೆರಿಕದ ಮಾಸ್ಟರ್ಸ್ ಪಂದ್ಯದಲ್ಲಿ 1968ರಲ್ಲಿ ಹೀಗೊಂದು ಪ್ರಸಂಗ ನಡೆಯಿತು. ಅರ್ಜೆಂಟೀನಾದ ರೊಬೆರ್ಟೊ ಡಿ ವಿಸೆಂಜೊ ಕೊನೆಯ ದಿನ 17ನೆಯ ಕುಳಿಯನ್ನು 3 ಹೊಡೆತಗಳಲ್ಲಿ ಮುಗಿಸಿದ್ದರು. ಜೊತೆಯ ಆಟಗಾರ 4 ಎಂದು ಬರೆದಿದ್ದುದನ್ನು ಗಮನಿಸದೆ ಅವರು ಸಹಿ ಹಾಕಿದರು. 65 ಆಗಬೇಕಾದ ಲೆಕ್ಕ 66 ಆಯಿತು. ಬಾಬ್ ಗೋಲ್ಬಿಯೊಡನೆ ಸಮನಾಗಿ ನಿಂತು, ನಿರ್ಣಾಯಕ ಸುತ್ತನ್ನು ಆಡಬೇಕಾಗಿದ್ದ ಡಿ ವಿಸೆಂಜೊ ಎರಡನೆಯವರಾದರು. ಅವರು ಜೊತೆಯವರನ್ನು ದೂರದೆ ತಮ್ಮದೇ ತಪ್ಪೆಂದು ಒಪ್ಪಿಕೊಂಡರು.

ಅದಕ್ಕೂ ಮೊದಲು, 1925ರ ಅಮೆರಿಕದ ಓಪನ್ ಪಂದ್ಯದಲ್ಲಿ, ಬಾಬಿ ಜೋನ್ಸ್ ಎಂಬ ತರುಣನು ಹುಲ್ಲಿನ ನಡುವೆ ನಿಂತ ಚೆಂಡನ್ನು ಹೊಡೆಯಲು ಸಿದ್ಧನಾಗುತ್ತಿದ್ದಾಗ ಅದು ತುಸು ಅಲುಗಿತು. ಅದನ್ನು ಬೇರೆ ಯಾರೂ ಕಂಡಿರಲಿಲ್ಲ. ಅಧಿಕಾರಿಗಳು ತೀರ್ಮಾನವನ್ನು ಅವನಿಗೇ ಬಿಟ್ಟರು. ಜೋನ್ಸ್ ತನ್ನ ಲೆಕ್ಕಕ್ಕೆ ದಂಡದ ಹೊಡೆತವೊಂದನ್ನು ತಾನೇ ಸೇರಿಸಿಕೊಂಡನು. ನಾಲ್ಕು ಸುತ್ತುಗಳ ಕೊನೆಗೆ ಅವನೂ ವಿಲೀ ಮ್ಯಾಕ್‌ಫರ್ಲೇನ್ ಎಂಬಾತನೂ 291 ಹೊಡೆತಗಳಲ್ಲಿ ಸಮನಾದರು. ಅನಂತರದ ನಿರ್ಣಾಯಕ ಆಟದಲ್ಲಿ ಜೋನ್ಸ್ ಸೋತನು. ಆ ಒಂದು ಹೊಡೆತವನ್ನು ಮರೆಮಾಚಿದ್ದರೆ ಪ್ರಶಸ್ತಿ ನೇರವಾಗಿ ಅವನದಾಗುತ್ತಿತ್ತು.

ಹೊಸದಾಗಿ ಆಟ ಕಲಿಯುವವರ ಕಾರ್ಡಿನಲ್ಲಿ ಬರ್ಡಿಗಳಿಗಿಂತ ಬೋಗಿಗಳೇ ಹೆಚ್ಚು. ಅದರಿಂದ ಕುಂದೇನೂ ಇಲ್ಲ. ನೂರು ಹೊಡೆತಗಳಾಗಿದ್ದರೆ ನೂರು ಎಂದೇ ಬರೆಯಬೇಕು. ಹಾಗೆ ಬರೆದವನಿಗೆ ಮುಂದೊಂದು ದಿನ ತೊಂಬತ್ತೊಂಬತ್ತರಲ್ಲಿ ಮುಗಿಸಿದಾಗ, ತಾನು ಮುಂದುವರಿದಿರುವುದು ನಿಜವೆಂದು ತಿಳಿಯುತ್ತದೆ.