ಹಗುರ ವಿಮಾನ: ಪ್ರಯಾಣಿಕನಿಗೂ ಹಿತ, ಪರಿಸರಕ್ಕೂ ಹಿತ

ಪ್ರಯಾಣಿಕರ ಸೌಕರ್ಯ ಹೆಚ್ಚಿದರೆ ಇಂಧನ ವ್ಯಯವೂ ಹೆಚ್ಚುತ್ತದೆ ಎಂಬುದು ಸಾಮಾನ್ಯ ಗ್ರಹಿಕೆ. ಜಪಾನಿನ ಆಲ್ ನಿಪ್ಪಾನ್ ಏರ್‌ವೇಸ್ 2011ರ ಅಕ್ಟೋಬರ್ 26ರಂದು ಟೋಕಿಯೊದಿಂದ ಹಾಂಗ್‌ಕಾಂಗ್‌ಗೆ ಹಾರಿಸಿದ ಬೋಯಿಂಗ್ 787 ವಿಮಾನ ಈ ಗ್ರಹಿಕೆಯನ್ನು ಬದಲಿಸಿತು. ಅದು ಆ ಮಾದರಿಯ ಮೊದಲ ವಾಣಿಜ್ಯ ಹಾರಾಟ.

ಈ ವಿಮಾನದ ತೂಕದ ಸುಮಾರು ಅರ್ಧದಷ್ಟು ಕಾರ್ಬನ್ ಫೈಬರ್ ಮೊದಲಾದ ಸಂಯುಕ್ತ ವಸ್ತುಗಳದು. ಇವು ಅಲ್ಯೂಮಿನಿಯಂನಂತೆ ತೇವಕ್ಕೆ ಸವೆಯುವುದಿಲ್ಲ; ಒತ್ತಡವನ್ನೂ ಹೆಚ್ಚು ತಾಳುತ್ತವೆ. ಆದ್ದರಿಂದ ಒಳಗಿನ ಗಾಳಿಯನ್ನು 8,000 ಅಡಿ ಎತ್ತರದ ಬದಲು 6,000 ಅಡಿ ಎತ್ತರದ ಒತ್ತಡದಲ್ಲಿ, ಹೆಚ್ಚು ತೇವಾಂಶದೊಂದಿಗೆ ಇರಿಸಬಹುದು. ದೂರಪ್ರಯಾಣದ ದಣಿವು ತಗ್ಗುತ್ತದೆ.

ಹಗುರ ಮೈ, ಹೊಸ ಎಂಜಿನ್‌ಗಳ ಫಲವಾಗಿ ಇಂಧನ ಬಳಕೆ ಹಳೆಯ 767ಕ್ಕಿಂತ ಸುಮಾರು ಶೇ.20ರಷ್ಟು ಕಡಿಮೆ. ಒಂದು ಕಿಲೋ ಇಂಧನ ಉರಿದರೆ 3 ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆದರೆ ಹಾರಾಟಗಳ ಸಂಖ್ಯೆ ಇದಕ್ಕಿಂತ ವೇಗವಾಗಿ ಏರಿದರೆ ಈ ಉಳಿತಾಯ ಗಾಳಿಗೆ ಹೋದಂತೆಯೇ ಸರಿ.